ಪಿಪ್ 'ಐತಿ' ಅಂತೈತಿ, ಪೈಥಾನ್ 'ಇಲ್ಲ' ಅಂತೈತಿ: ಸಿಮ್ಯುಲೇಶನ್ ಅಸೈನ್‌ಮೆಂಟಿಗೆ ಪೈಥಾನ್ ಹಚ್ಚೂದು ಹೆಂಗ?

ಪ್ರಶ್ನೆ: ಸರ್, ನಾನು ಹುಬ್ಬಳ್ಳ್ಯಾಗ ಮೆಕ್ಯಾನಿಕಲ್ ಐದನೇ ಸೆಮ್ ಓದಾಕತ್ತೀನಿ, ಊರು ರೋಣದ ಕಡೆ, ಇಲ್ಲಿ ವಿದ್ಯಾನಗರದಾಗ ರೂಮ್ ಮಾಡ್ಕೊಂಡು ಅದೀನಿ. ವೈಬ್ರೇಶನ್ಸ್ ಸಬ್ಜೆಕ್ಟಿಗೆ ಕ್ವಾರ್ಟರ್ ಕಾರ್ ಮಾಡೆಲ್ (ಒಂದ ಚಕ್ರ, ಅದರ ಮ್ಯಾಲಿನ ಕಾಲು ಭಾಗ ಬಾಡಿ) ಅಸೈನ್‌ಮೆಂಟ್ ಕೊಟ್ಟಾರ, ಕಾರು ಹಂಪ್ ಹತ್ತಿ ಇಳಿದಾಗ ಬಾಡಿ ಎಷ್ಟು ಕುಣಿತೈತಿ ಅಂತ ಪೈಥಾನ್‌ನ್ಯಾಗ ಸಿಮ್ಯುಲೇಟ್ ಮಾಡಿ ಗ್ರಾಫ್ ತೆಗೀಬೇಕು. ವಿಂಡೋಸ್ 11, 8 ಜಿಬಿ ರ್‍ಯಾಮ್. ಪಿಪ್ ಇನ್‌ಸ್ಟಾಲ್ ನಂಪೈ ಅಂತ ಹೊಡದ್ರ 'ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್' ಅಂತ ಬಂದು ಮುಂದ ಅನಕೊಂಡಾ3 ಅಂತ ಏನೋ ಒಂದ್ ಉದ್ದ ಪಾತ್ ಬರ್ತೈತಿ, ವಿಎಸ್ ಕೋಡ್‌ನ್ಯಾಗ ರನ್ ಕೊಟ್ರ 'ನೋ ಮಾಡ್ಯೂಲ್ ನೇಮ್ಡ್ ನಂಪೈ'. ಪೈಥಾನ್ ತೆಗೆದು ಹಾಕಿ ನಾಕ್ ಸಲ ಆತು. ಸೀನಿಯರ್ ಒಬ್ರು ಫಾರ್ಮ್ಯಾಟ್ ಹೊಡಿ ಅಂತಾರ. ಗೆಳೆಯನ ಲ್ಯಾಪ್‌ಟಾಪ್‌ನ್ಯಾಗ ನನ್ನ ಕೋಡ್ ಓಡಿಸಿದ್ರ ಓಡ್ತೈತಿ ಆದ್ರ ಗ್ರಾಫ್ ಬರೇ ಸೀದಾ ಗೆರಿ, ಅದ ಲ್ಯಾಪ್‌ಟಾಪ್‌ನ್ಯಾಗ ಅವನ ಕೋಡ್ ಬರೋಬ್ಬರಿ ಕುಣಿತೈತಿ! ಅಂವ ಸರ್ ಕೊಟ್ಟ 3.7 ಮೀಟರ್ ಅಗಲದ ಹಂಪ್ ತಗೊಂಡಾನ, ನಾನು ನಮ್ಮ ಓಣ್ಯಾಗಿನ ಹಂಪ್ ಟೇಪ್ ಹಿಡಿದು ಅಳದೀನಿ, ಅರ್ಧ ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ಇದೂ ಎನ್ವಿರಾನ್‌ಮೆಂಟ್ ತಪ್ಪನ? ಸರ್ ಬ್ಯಾರೆ 'ನಿಮ್ಮ ಕೋಡ್ ನನ್ನ ಮಷೀನ್ ಮ್ಯಾಲೂ ಓಡಬೇಕು' ಅಂದಾರ. ಸೋಮವಾರ ಸಬ್ಮಿಶನ್.

ಉತ್ತರ:

ಮೊದಲ ಒಂದ್ ಮಾತು ತಮ್ಮ, ಫಾರ್ಮ್ಯಾಟ್ ಹೊಡೀಬ್ಯಾಡ. ನಿನ್ನ ಲ್ಯಾಪ್‌ಟಾಪ್‌ಗೆ ಏನೂ ರೋಗ ಇಲ್ಲ. ಓಣಿ ಹಂಪ್ ಟೇಪ್ ಹಿಡಿದು ಅಳದೀ ಅಂದ್ಯಲ್ಲ, ಅದನ್ನ ಓದಿ ಖುಷಿ ಆತು, ಅದರ ಕಡೆ ಕಡೀಕ ಬರ್ತೀನಿ, ಯಾಕಂದ್ರ ನಿನ್ನ ಸೀದಾ ಗೆರಿ ಗುಟ್ಟು ಆ ಅರ್ಧ ಮೀಟರ್‌ನ್ಯಾಗನ ಐತಿ.

ಈಗ ನಿನ್ನ ಎರಡು ಮೆಸೇಜ್ ಬಾಜೂ ಬಾಜೂ ಇಟ್ಟು ನೋಡು. ಪಿಪ್ ಅಂದ್ರ ಪೈಥಾನ್‌ಗೆ ಲೈಬ್ರರಿ ತಂದು ಹಾಕೂ ಸಾಧನ, ವಿಎಸ್ ಕೋಡ್ ಅಂದ್ರ ನೀ ಕೋಡ್ ಬರದು ಓಡಿಸೂ ಎಡಿಟರ್; ಪಿಪ್ ಹೇಳಿದ್ದು ಸುಳ್ಳಲ್ಲ, ವಿಎಸ್ ಕೋಡ್ ಹೇಳಿದ್ದೂ ಸುಳ್ಳಲ್ಲ. ಪಿಪ್ ಹೇಳಿದ ಸಾಲಿನ ಕಡೀಕ ಒಂದು ಪಾತ್, ಅಂದ್ರ ಫೈಲ್ ಇರೂ ಜಾಗದ ವಿಳಾಸ, ಐತಿ ಅಂದ್ಯಲ್ಲ, ಎಲ್ಲಾರೂ ಅದನ್ನ ಬಿಟ್ಟು 'ಸ್ಯಾಟಿಸ್ಫೈಡ್' ಅನ್ನೂದ ಅಷ್ಟ ಓದ್ತಾರ, ಖರೆ ಸುದ್ದಿ ಇರೂದು ಆ ಪಾತ್‌ನ್ಯಾಗ. ಅನಕೊಂಡಾ ಅಂದ್ರ ಲೈಬ್ರರಿ ಸಮೇತ ಬರೂ ಪೈಥಾನ್ ಗಂಟು, ಅದ್ರಾಗ ಅನಕೊಂಡಾ3 ಅಂತ ಐತಿ ಅಂದ್ರ ನಂಪೈ ಅನ್ನೂ ಲೆಕ್ಕದ ಲೈಬ್ರರಿ ಅನಕೊಂಡಾದ ಪೈಥಾನ್ ಒಳಗ ಕುಂತೈತಿ, ಹಿಂದಿನ ಸೆಮ್‌ನ್ಯಾಗ ಯಾವುದೋ ಲ್ಯಾಬಿಗೆ ಅಂತ ಹಾಕ್ಕೊಂಡು ಮರ್ತಿರ್ತೀ. ವಿಎಸ್ ಕೋಡ್ ಮಾತ್ರ ನೀ ಪೈಥಾನ್ ಸೈಟ್‌ನಿಂದ ಇಳಿಸಿ ಹಾಕಿದ ಬ್ಯಾರೆ ಪೈಥಾನ್ ಹಿಡ್ಕೊಂಡು ಓಡಿಸಾಕತ್ತೈತಿ. ಅಣ್ಣತಮ್ಮಂದಿರು ಬ್ಯಾರೆ ಆಗ್ಯಾರ, ಅಂಗಳ ಒಂದ, ಅಡಿಗಿಮನಿ ಎರಡು. ಬ್ಯಾಡಗಿ ಮೆಣಸಿನಕಾಯಿ ಖಾರ ತಂದು ಅಣ್ಣನ ಅಡಿಗಿಮನ್ಯಾಗ ತುಂಬಿಟ್ಟು ತಮ್ಮನ ಅಡಿಗಿಮನ್ಯಾಗ ಡಬ್ಬಿ ತೆಗೆದು ನೋಡಿ ಖಾಲಿ ಐತ್ಯಲ್ಲ ಅಂತ ಗದ್ಲ ಮಾಡಿದಂಗ ಆತು ಇದು. ನೀ ನಾಕ್ ಸಲ ತೆಗೆದು ಹಾಕಿದ್ದು ತಮ್ಮನ ಅಡಿಗಿಮನಿ, ಪಿಪ್ ಪ್ರತಿ ಸಲ ಹೋಗಿ ನೋಡಿದ್ದು ಅಣ್ಣನದು, ಹಂಗಾಗಿ ನಾಕ್ ಸಲ ಅಲ್ಲ ನಲವತ್ತು ಸಲ ಹಾಕಿದ್ರೂ ಅದ ಉತ್ತರ ಬರ್ತಿತ್ತು.

ಪೈಥಾನ್ ವಿಷಯದಾಗ ನನ್ನ ಹತ್ರ ಬರೂ ಹುಡುಗೂರ ತ್ರಾಸಿನ್ಯಾಗ ಮುಕ್ಕಾಲು ಪಾಲು ಇದ ಒಂದು, ಕೋಡ್ ತಪ್ಪಿರಂಗಿಲ್ಲ, 'ಯಾವ ಪೈಥಾನ್?' ಅಂತ ಕೇಳಿರಂಗಿಲ್ಲ ಅಷ್ಟ. ಕೇಳೂದು ಭಾಳ ಸರಳ. ಕಮಾಂಡ್‌ಗಳನ್ನ ನಾನಿಲ್ಲಿ ಬಾಯಾಗ ಓದೂ ಹಂಗ ಬರಿತೀನಿ, ನೀ ಟೈಪ್ ಮಾಡೂವಾಗ ಇಂಗ್ಲಿಷ್‌ನ್ಯಾಗ ಹೊಡಿ. ನಿನ್ನ ಪ್ರೋಗ್ರಾಮಿನ ತಲಿ ಮ್ಯಾಲ, ನಂಪೈ ಇಂಪೋರ್ಟಿಗಿಂತ ಮೊದಲ, 'ಇಂಪೋರ್ಟ್ ಸಿಸ್' ಅಂತ ಒಂದ್ ಸಾಲು, ಅದರ ಕೆಳಗ 'ಪ್ರಿಂಟ್ ಸಿಸ್ ಡಾಟ್ ಎಕ್ಸಿಕ್ಯೂಟಬಲ್', ಪ್ರಿಂಟಿಗೆ ಬ್ರ್ಯಾಕೆಟ್ ಹಾಕೂದು ಮರೀಬ್ಯಾಡ. ಈಗ ಓಡಾಕತ್ತಿರೂ ಪೈಥಾನ್ ಯಾವ ಫೋಲ್ಡರಿನ್ಯಾಗ ಐತಿ ಅಂತ ಅದ ಬಾಯಿ ಬಿಟ್ಟು ಹೇಳ್ತೈತಿ. ಆಮ್ಯಾಲ ಕಮಾಂಡ್ ಪ್ರಾಂಪ್ಟ್ ತೆಗೆದು 'ವೇರ್ ಪೈಥಾನ್' ಹೊಡಿ, ವಿಂಡೋಸ್ ಪ್ರೋಗ್ರಾಮ್ ಹುಡುಕೂ ಫೋಲ್ಡರ್ ಪಟ್ಟಿಗೂ ಪಾತ್ ಅಂತಾರ, ಅದ್ರಾಗ ಇರೂ ಪೈಥಾನ್ ಎಲ್ಲಾ ಸಾಲಾಗಿ ಬರ್ತಾವ, ಮ್ಯಾಲ ಬಂದದ್ದ ಮೊದಲ ಸಿಗೂದು. ಇದನ್ನ ಪವರ್‌ಶೆಲ್ ಅನ್ನೂ ವಿಂಡೋಸಿನ ಇನ್ನೊಂದು ಕಮಾಂಡ್ ಕಿಟಕ್ಯಾಗ ಹೊಡದ್ರ ಏನೂ ಬರಂಗಿಲ್ಲ, ಗಪ್ಪ ಕುಂದರ್ತೈತಿ, ಯಾಕಂದ್ರ ಅಲ್ಲಿ 'ವೇರ್' ಅಂದ್ರ ಬ್ಯಾರೆನ ಕೆಲಸ, ಹಂಗಾಗಿ ಕರೀ ಬಣ್ಣದ ಹಳೇ ಕಮಾಂಡ್ ಪ್ರಾಂಪ್ಟ್‌ನ್ಯಾಗನ ಹೊಡಿ. ಇನ್ನೊಂದು 'ಪೈ ಡ್ಯಾಶ್ ಸೊನ್ನೆ ಪಿ', ನಡುವ ಸ್ಪೇಸ್ ಪೈ ಆದ್ಮ್ಯಾಲ ಒಂದ. ಪೈಥಾನ್ ಸೈಟ್‌ನಿಂದ ಹಾಕಿದ್ರ ಈ 'ಪೈ' ಅನ್ನೂ ಲಾಂಚರ್ ಜೋಡಿ ಬಂದಿರ್ತೈತಿ, ಯಾವ ಯಾವ ವರ್ಷನ್ ಎಲ್ಲೆಲ್ಲಿ ಅದಾವ ಅಂತ ಪಟ್ಟಿ ಕೊಡ್ತೈತಿ. 'ಪೈಥಾನ್' ಅಂತ ಹೊಡದ್ರ ಮೈಕ್ರೋಸಾಫ್ಟ್ ಸ್ಟೋರ್ ತೆರಕೊಂಡು ನಿಲ್ಲೂದು ನೋಡಿರಬೇಕು ನೀನು, ಅದು ಪೈಥಾನ್ ಅಲ್ಲ, ವಿಂಡೋಸ್ ಇಟ್ಟಿರೂ ಬೆದರುಗೊಂಬಿ. ಸೆಟ್ಟಿಂಗ್ಸ್‌ನ್ಯಾಗ ಆ್ಯಪ್ಸ್, ಅದ್ರಾಗ ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್, ಅದ್ರಾಗ ಆ್ಯಪ್ ಎಕ್ಸಿಕ್ಯೂಶನ್ ಅಲಿಯಾಸಸ್ ಅಂತ ಐತಿ, ಅಲ್ಲಿ ಪೈಥಾನ್ ಹೆಸರಿನ ಎರಡೂ ಬಟನ್ ಬಂದ್ ಮಾಡಿಬಿಡು.

ಈಗ ಪರಿಹಾರ. ಯಾವುದನ್ನೂ ಅನ್‌ಇನ್‌ಸ್ಟಾಲ್ ಮಾಡೂದು ಬ್ಯಾಡ, ಈ ಅಸೈನ್‌ಮೆಂಟಿಗೆ ಅಂತನ ಒಂದು ಮೂರನೇ ಸಣ್ಣ ಅಡಿಗಿಮನಿ ಕಟ್ಟು, ಅದಕ್ಕ ವರ್ಚುಯಲ್ ಎನ್ವಿರಾನ್‌ಮೆಂಟ್ ಅಂತಾರ, ಪೈಥಾನ್ 3.3 ಬಂದಾಗಿಂದ, ಅಂದ್ರ 2012ರಿಂದ, 'ವೆನ್ವ್' ಅನ್ನೂ ಹೆಸರಲೆ ಪೈಥಾನ್ ಒಳಗನ ಐತಿ, ಹೊರಗಿಂದ ಏನೂ ತರಬೇಕಿಲ್ಲ. ಮೊದಲ ಫೋಲ್ಡರ್: ಡೆಸ್ಕ್‌ಟಾಪ್ ಮ್ಯಾಲ ಮಾಡಬ್ಯಾಡ. ವಿಂಡೋಸ್ 11ನ್ಯಾಗ ಡೆಸ್ಕ್‌ಟಾಪ್ ಭಾಳ ಸಲ ಒನ್‌ಡ್ರೈವ್‌ಗೆ ಗಂಟು ಬಿದ್ದಿರ್ತೈತಿ, ಎನ್ವಿರಾನ್‌ಮೆಂಟ್ ಅಂದ್ರ ಸಾವಿರಾರು ಚೂರು ಚೂರು ಫೈಲ್, ಅವನ್ನೆಲ್ಲಾ ಒನ್‌ಡ್ರೈವ್ ಮ್ಯಾಲ ಏರಿಸಾಕ ಹೋಗಿ ನಿನ್ನ ಮೊಬೈಲ್ ಹಾಟ್‌ಸ್ಪಾಟ್ ಡೇಟಾ ಮುಗಿಸಿಬಿಡ್ತೈತಿ. ಡಿ ಡ್ರೈವ್‌ನ್ಯಾಗ 'ವೈಬ್' ಅಂತ ಸಣ್ಣ ಹೆಸರಿನ ಫೋಲ್ಡರ್ ಸಾಕು. 'ಫಿಫ್ತ್ ಸೆಮ್ ಅಸೈನ್‌ಮೆಂಟ್ ಫೈನಲ್ ನ್ಯೂ ಕಾಪಿ 2' ಅಂತ ಹೆಸರಿಡೂ ಚಟ ಬಿಡು. ವಿಂಡೋಸ್‌ನ್ಯಾಗ ಪಾತ್ ಉದ್ದಕ್ಕ 260 ಅಕ್ಷರದ ಹಳೇ ಮಿತಿ ಐತಿ, ಪ್ಯಾಕೇಜ್ ಒಳಗಿನ ಫೋಲ್ಡರ್‌ಗಳು ಮೊದಲ ಉದ್ದ, ಅದ್ರ ಮ್ಯಾಲ ನಿಂದೊಂದು. ನಮ್ಮ ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಅಂತ ಹೇಳ್ಕೊಳ್ಳೂದು ಚಂದ, ಪಾತ್ ಉದ್ದ ಐತಿ ಅಂತ ಯಾರೂ ಗಿನ್ನೆಸ್‌ನ್ಯಾಗ ಬರ್ಕೊಳ್ಳಂಗಿಲ್ಲ.

ಕಮಾಂಡ್ ಪ್ರಾಂಪ್ಟ್‌ನ್ಯಾಗ ಆ ಫೋಲ್ಡರಿಗೆ ಹೋಗು, ಹೋಗಿ 'ಪೈ ಡ್ಯಾಶ್ 3.13 ಡ್ಯಾಶ್ ಎಂ ವೆನ್ವ್ ಡಾಟ್‌ವೆನ್ವ್' ಹೊಡಿ. ಡ್ಯಾಶ್ 3.13 ಅನ್ನೂದು ಯಾವ ಪೈಥಾನ್‌ನಿಂದ ಕಟ್ಟಬೇಕು ಅಂತ, ನಿನ್ನ ಪಟ್ಟ್ಯಾಗ 3.12 ಇದ್ರ 3.12 ಹಾಕು, ಎರಡೂ ನಡಿತಾವ. ಅರ್ಧ ನಿಮಿಷ ಸುಮ್ನಿರ್ತೈತಿ, ಹ್ಯಾಂಗ್ ಆತು ಅಂತ ಕಂಟ್ರೋಲ್ ಸಿ ಒತ್ತಬ್ಯಾಡ. ಆಮ್ಯಾಲ 'ಡಾಟ್‌ವೆನ್ವ್ ಬ್ಯಾಕ್‌ಸ್ಲ್ಯಾಶ್ ಸ್ಕ್ರಿಪ್ಟ್ಸ್ ಬ್ಯಾಕ್‌ಸ್ಲ್ಯಾಶ್ ಆ್ಯಕ್ಟಿವೇಟ್'. ಸಾಲಿನ ಮುಂದ ಬ್ರ್ಯಾಕೆಟ್ಟಿನ್ಯಾಗ ಎನ್ವಿರಾನ್‌ಮೆಂಟ್ ಹೆಸರು ಬಂತು ಅಂದ್ರ ಒಳಗ ಬಂದಿ ಅಂತ ಅರ್ಥ. ಪವರ್‌ಶೆಲ್‌ನ್ಯಾಗ ಇದನ್ನ ಮಾಡಿದ್ರ 'ರನ್ನಿಂಗ್ ಸ್ಕ್ರಿಪ್ಟ್ಸ್ ಈಸ್ ಡಿಸೇಬಲ್ಡ್' ಅಂತ ಕೆಂಪು ಅಕ್ಷರದಾಗ ಬೈತೈತಿ, ಅದಕ್ಕ ಹೆದರಬ್ಯಾಡ, ಅದು ವಿಂಡೋಸಿನ ಕಾವಲು ಅಷ್ಟ, ಕಮಾಂಡ್ ಪ್ರಾಂಪ್ಟ್‌ಗೆ ಬಂದು ಮಾಡು, ಮುಗೀತು. ಅಂದಹಾಗ ಆ್ಯಕ್ಟಿವೇಟ್ ಅನ್ನೂದು ಏನೂ ಮಂತ್ರ ಅಲ್ಲ, ಪಾತ್ ಪಟ್ಟಿಯ ತಲಿ ಮ್ಯಾಲ ಈ ಫೋಲ್ಡರ್ ತಂದಿಡ್ತೈತಿ, ಹಂಗಾಗಿ ಪೈಥಾನ್ ಅಂದಾಗ ಮೊದಲ ಇದ ಸಿಗ್ತೈತಿ. ಕಿಟಕಿ ಮುಚ್ಚಿ ತೆರದ್ರ ಹೊಳ್ಳಿ ಆ್ಯಕ್ಟಿವೇಟ್ ಮಾಡಬೇಕು, ಇದನ್ನ ಮರ್ತು ಮರುದಿನ ಮುಂಜಾನೆ 'ನಿನ್ನೆ ಓಡ್ತಿತ್ತು ಸರ್' ಅಂತ ಫೋನ್ ಮಾಡವರು ಭಾಳ ಮಂದಿ.

ಒಳಗ ಬಂದ್ಮ್ಯಾಲ 'ಪೈಥಾನ್ ಡ್ಯಾಶ್ ಎಂ ಪಿಪ್ ಇನ್‌ಸ್ಟಾಲ್ ನಂಪೈ ಸೈಪೈ ಮ್ಯಾಟ್‌ಪ್ಲಾಟ್‌ಲಿಬ್'. ಸೈಪೈ ಈಕ್ವೇಶನ್ ಬಿಡಿಸಾಕ, ಮ್ಯಾಟ್‌ಪ್ಲಾಟ್‌ಲಿಬ್ ಗ್ರಾಫ್ ತೆಗ್ಯಾಕ. ಬರೇ 'ಪಿಪ್ ಇನ್‌ಸ್ಟಾಲ್' ಅಲ್ಲ, ಮುಂದ 'ಪೈಥಾನ್ ಡ್ಯಾಶ್ ಎಂ' ಇರಲೇಬೇಕು, ಇದೊಂದು ಚಟ ಹಚ್ಚಿಕೋ. ಬರೇ ಪಿಪ್ ಅಂದ್ರ ಪಾತ್‌ನ್ಯಾಗ ಮೊದಲ ಸಿಕ್ಕ ಪಿಪ್ ಬರ್ತೈತಿ, ಅದು ಯಾರ ಮನಿದೋ ಗೊತ್ತಿಲ್ಲ. ಪೈಥಾನ್ ಡ್ಯಾಶ್ ಎಂ ಪಿಪ್ ಅಂದ್ರ 'ಈ ಪೈಥಾನ್‌ಗೆ ಸೇರಿದ ಪಿಪ್ಪ ಬಾ' ಅಂತ ಹೆಸರು ಹಿಡಿದು ಕರದಂಗ. ನಿಂಗ ಮೊದಲನೇ ದಿನ ಯಾರರ ಈ ಮೂರು ಶಬ್ದ ಹೇಳಿಕೊಟ್ಟಿದ್ರ ಈ ಪತ್ರನ ಬರ್ತಿದ್ದಿಲ್ಲ.

ಡೌನ್‌ಲೋಡ್ ಮೂರೂ ಸೇರಿ 100 ಎಂಬಿ ಒಳಗ, ಅನಕೊಂಡಾದ ಇನ್‌ಸ್ಟಾಲರ್ ಒಂದ ಹತ್ತತ್ರ 1 ಜಿಬಿ. ಅನಕೊಂಡಾ ಕೆಟ್ಟದ್ದಲ್ಲ, ಗಾಳಿ-ನೀರಿನ ಹರಿವು (ಸಿಎಫ್‌ಡಿ), ಭಾಗಗಳ ಒತ್ತಡ (ಎಫ್‌ಇಎಂ) ಲೆಕ್ಕ ಮಾಡೂ ದೊಡ್ಡ ಲೈಬ್ರರಿ ಎಳ್ಕೊಂಡು ಬರೂವಾಗ ಅದ್ರ ಜಾತಿದ್ದ ಪಾಡ, ಆದ್ರ ಒಂದು ಸ್ಪ್ರಿಂಗು ಒಂದು ಡ್ಯಾಂಪರ್ ಕುಣಿಸಾಕ ಅಷ್ಟು ದೊಡ್ಡ ಜಾತ್ರಿ ಯಾಕ.

ಇನ್‌ಸ್ಟಾಲ್ ಆಗೂವಾಗ ಬರೂ ಫೈಲ್ ಹೆಸರು ಒಂದ್ಸಲ ಸಮಾಧಾನಲೆ ಓದು. ನಂಪೈ ಅಂತ ಐತಿ, ಮುಂದ ವರ್ಷನ್, ಅದರ ಮುಂದ ಸಿಪಿ313, ಕಡೀಕ ವಿನ್ ಎಎಂಡಿ64, ಡಾಟ್ ಡಬ್ಲ್ಯೂಎಚ್‌ಎಲ್ ಅಂತ ಕೊನಿ, ಅದಕ್ಕ ವ್ಹೀಲ್ ಅಂತಾರ, ಅಂದ್ರ ಮೊದಲ ಕಂಪೈಲ್ ಮಾಡಿಟ್ಟ ಸಿದ್ಧ ಪ್ಯಾಕೇಜ್. ಸಿಪಿ313 ಅಂದ್ರ ಪೈಥಾನ್ 3.13ಕ್ಕ ಅಂತ ಹೊಲದ ಅಂಗಿ, 3.12ಕ್ಕ ಬರಂಗಿಲ್ಲ. ನಂದು ಇಂಟೆಲ್ ಪ್ರೊಸೆಸರ್, ಎಎಂಡಿ ಅಂತ ಯಾಕ ಬಂತು ಅಂತ ಗಾಬರಿ ಆಗಬ್ಯಾಡ, ಈ ಥರದ 64 ಬಿಟ್ ಪದ್ಧತಿ ಮೊದಲ ಮಾಡಿದವರು ಎಎಂಡಿಯವರು, ಹೆಸರು ಹಂಗ ಉಳೀತು, ಎರಡಕ್ಕೂ ಅದ ನಡಿತೈತಿ. ಇದನ್ನ ಯಾಕ ಹೇಳಿದೆ ಅಂದ್ರ ಪೈಥಾನ್ ವರ್ಷಾ ಅಕ್ಟೋಬರ್ ಆಸುಪಾಸು ಹೊಸಾ ವರ್ಷನ್ ಬಿಡ್ತೈತಿ, ಬಿಟ್ಟ ವಾರದಾಗ ಎಲ್ಲಾ ಲೈಬ್ರರಿಗೂ ಆ ಅಳತಿ ಅಂಗಿ ಹೊಲದಿರಂಗಿಲ್ಲ. ಅವಾಗ ಪಿಪ್ ಏನ್ ಮಾಡ್ತೈತಿ, ಸೋರ್ಸ್ ಕೋಡ್ ಇಳಿಸಿ ನಿನ್ನ ಲ್ಯಾಪ್‌ಟಾಪ್‌ನ್ಯಾಗನ ಕಂಪೈಲ್ ಮಾಡಾಕ ಹೋಗ್ತೈತಿ, ಕಂಪೈಲರ್ ಇಲ್ಲ ಅಂತ ನೂರಾರು ಸಾಲು ಎರರ್ ಕಾರ್ತೈತಿ. 32 ಬಿಟ್ ಪೈಥಾನ್ ಹಾಕ್ಕೊಂಡವರಿಗೂ ಇದ ಗತಿ, ಅವರಿಗೆ ಸೈಪೈದ್ದು ಸಿದ್ಧ ವ್ಹೀಲ್ ಸಿಗಂಗಿಲ್ಲ. ಆ ಎರರ್ ಬಂದ್ರ ಯಾರೋ ಹೇಳಿದ್ರು ಅಂತ ಮೈಕ್ರೋಸಾಫ್ಟಿನ ಬಿಲ್ಡ್ ಟೂಲ್ಸ್ ಗಿಗಾಬೈಟ್ ಗಟ್ಟಲೆ ಇಳಿಸಾಕ ಹೋಗಬ್ಯಾಡ, ಒಂದು ವರ್ಷನ್ ಹಿಂದಿನ 64 ಬಿಟ್ ಪೈಥಾನ್ ತಗೊಂಡು ಎನ್ವಿರಾನ್‌ಮೆಂಟ್ ಹೊಳ್ಳಿ ಕಟ್ಟು, ಐದ ನಿಮಿಷದ ಕೆಲಸ.

ರೂಮಿನ್ಯಾಗ ನೆಟ್ ಇಲ್ಲ ಅನ್ನವರಿಗೆ ಒಂದು ದಾರಿ ಐತಿ. ಕಾಲೇಜ್ ವೈಫೈ ಒಳಗ 'ಪೈಥಾನ್ ಡ್ಯಾಶ್ ಎಂ ಪಿಪ್ ಡೌನ್‌ಲೋಡ್ ಡ್ಯಾಶ್ ಡಿ ವ್ಹೀಲ್ಸ್', ಮುಂದ ಮೂರೂ ಹೆಸರು, ಅಂತ ಹೊಡದ್ರ ವ್ಹೀಲ್ಸ್ ಅನ್ನೂ ಫೋಲ್ಡರಿನ್ಯಾಗ ಎಲ್ಲಾ ಫೈಲ್ ಬಂದು ಬೀಳ್ತಾವ, ಪೆನ್‌ಡ್ರೈವ್‌ನ್ಯಾಗ ಒಯ್ದು ರೂಮಿನ್ಯಾಗ ಪಿಪ್ ಇನ್‌ಸ್ಟಾಲಿಗೆ 'ಡ್ಯಾಶ್ ಡ್ಯಾಶ್ ನೋ ಡ್ಯಾಶ್ ಇಂಡೆಕ್ಸ್' ಮತ್ತ 'ಡ್ಯಾಶ್ ಡ್ಯಾಶ್ ಫೈಂಡ್ ಡ್ಯಾಶ್ ಲಿಂಕ್ಸ್ ವ್ಹೀಲ್ಸ್' ಅಂತ ಸೇರಿಸಿದ್ರ ನೆಟ್ ಇಲ್ಲದ ಹಾಕ್ಕೊತೈತಿ. ಎರಡೂ ಕಡೆ ಪೈಥಾನ್ ವರ್ಷನ್ ಒಂದ ಇರಬೇಕು, ಅಂಗಿ ಅಳತಿ ಮಾತು ಹೇಳಿದ್ನೆಲ್ಲ.

ಇನ್ನ ವಿಎಸ್ ಕೋಡ್. ಡಿ ಡ್ರೈವಿನ ಆ ಫೋಲ್ಡರನ್ನ 'ಓಪನ್ ಫೋಲ್ಡರ್' ಅಂತ ತೆಗಿ, ಒಂದ್ ಫೈಲ್ ಅಷ್ಟ ತೆಗೀಬ್ಯಾಡ. ಕಂಟ್ರೋಲ್ ಶಿಫ್ಟ್ ಪಿ ಒತ್ತಿ 'ಪೈಥಾನ್ ಸೆಲೆಕ್ಟ್ ಇಂಟರ್‌ಪ್ರಿಟರ್' ಅಂತ ಹುಡುಕು, ಪಟ್ಟ್ಯಾಗ ಡಾಟ್‌ವೆನ್ವ್ ಇರೂದನ್ನ ಒತ್ತು. ಕೆಳಗ ಬಲಗಡೆ ಮೂಲ್ಯಾಗ ಹೆಸರು ಬದಲಾಗ್ತೈತಿ. ಅಷ್ಟ ಆದ್ಮ್ಯಾಲ ಮೊದಲ ಹಾಕಿದ್ದ ಸಿಸ್ ಡಾಟ್ ಎಕ್ಸಿಕ್ಯೂಟಬಲ್ ಸಾಲು ಓಡಿಸಿ ಡಿ ಡ್ರೈವಿನ ಪಾತ್ ಬರ್ತೈತೇನ್ ನೋಡು. ಬಂದ್ರ ಎನ್ವಿರಾನ್‌ಮೆಂಟ್ ಕೆಲಸ ಮುಗೀತು, ಚಾ ಕುಡಿ. ಜೂಪಿಟರ್ ನೋಟ್‌ಬುಕ್ ಬಳಸವರಿಗೆ ಇದ ಮಾತು ಕರ್ನಲ್ ಅನ್ನೂ ಹೆಸರಲೆ ಬರ್ತೈತಿ, ಮ್ಯಾಲ ಬಲಗಡೆ ಕರ್ನಲ್ ಇದ ಎನ್ವಿರಾನ್‌ಮೆಂಟಿಂದು ಇರಬೇಕು. ಉಬುಂಟು ಇದ್ದವರು 23.04ರಿಂದ ಈಚಿನ ವರ್ಷನ್‌ದಾಗ ಸಿಸ್ಟಮ್ ಪೈಥಾನ್‌ಗೆ ಪಿಪ್ ಹೊಡದ್ರ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ಬಾಗಲಾಗನ ತಡಿತೈತಿ, ಖರೇನ ಚಲೋ ಮಾಡ್ಯಾರ. ಅದನ್ನ ಮುರಿಯೂ ಆಪ್ಶನ್ ಐತಿ, ಆದ್ರ ಆ ಪೈಥಾನ್ ಮ್ಯಾಲ ಉಬುಂಟುದ ಅರ್ಧ ಸಂಸಾರ ನಿಂತೈತಿ, ಮುರೀಬ್ಯಾಡ್ರಿ, ವೆನ್ವ್ ಕಟ್ರಿ.

ಒಂದ್ ಉಪಕಥಿ ಹೇಳ್ತೀನಿ. ನಾನು ಓದೂವಾಗ ಫಿಲ್ಟರ್ ಡಿಸೈನ್ ಮಾಡೂ ಪ್ರೋಗ್ರಾಮ್ ಬರದು ಫೈಲಿಗೆ 'ಸಿಗ್ನಲ್ ಡಾಟ್ ಪೈ' ಅಂತ ಹೆಸರಿಟ್ಟೆ. ಮಧ್ಯಾಹ್ನದ ತನಕ ಓಡ್ತಿದ್ದ ಮ್ಯಾಟ್‌ಪ್ಲಾಟ್‌ಲಿಬ್ ಒಮ್ಮೆಲೆ ಬಿತ್ತು. ತೆಗೆದು ಹಾಕಿದೆ, ಪೈಥಾನ್ ಬದಲಿ ಮಾಡಿದೆ, ಇಡೀ ರಾತ್ರಿ ಹೋತು. ಮುಂಜಾನೆ ರೂಮ್‌ಮೇಟ್, ಅಂವ ಸಿವಿಲ್, ಪೈಥಾನ್ ಬರ್ತಿದ್ದಿಲ್ಲ, ಎರರ್ ಸಾಲಿನ್ಯಾಗ ಬಟ್ಟು ಇಟ್ಟು 'ಇದು ನಿನ್ನ ಫೈಲ್ ಹೆಸರಲ್ಲ?' ಅಂದ. ಪೈಥಾನ್ ಒಳಗನ 'ಸಿಗ್ನಲ್' ಅಂತ ಒಂದು ಮಾಡ್ಯೂಲ್ ಐತಿ, ಮ್ಯಾಟ್‌ಪ್ಲಾಟ್‌ಲಿಬ್ ಒಳಗಿಂದ ಯಾರೋ ಅದನ್ನ ಕರದ್ರು, ಪೈಥಾನ್ ಮೊದಲ ಹುಡುಕೂದು ಪ್ರೋಗ್ರಾಮ್ ಇರೂ ಫೋಲ್ಡರಿನ್ಯಾಗ, ಅಲ್ಲಿ ನನ್ನ ಸಿಗ್ನಲ್ ಸಿಕ್ತು, ಎಳ್ಕೊಂಡು ಹೋತು! ಹಂಗಾಗಿ ಫೈಲಿಗೆ ನಂಪೈ, ಸೈಪೈ, ರ್‍ಯಾಂಡಮ್, ಸಿಗ್ನಲ್, ಟೈಮ್, ಇಂಥಾ ಹೆಸರು ಇಡಬ್ಯಾಡ. 3.13ರಿಂದ ಪೈಥಾನ್ ತಾನ ಸೂಚನಾ ಕೊಡ್ತೈತಿ, ನಿನ್ನ ಫೈಲ್ ಹೆಸರು ಒಳಗಿನ ಮಾಡ್ಯೂಲಿನ ಹೆಸರ ಐತಿ, ಬದಲಿ ಮಾಡು ಅಂತ. ನಮ್ಮ ಕಾಲಕ್ಕ ಆ ಸೌಭಾಗ್ಯ ಇದ್ದಿಲ್ಲ.

ಈಗ ಸೀದಾ ಗೆರಿ. ಇದು ಎನ್ವಿರಾನ್‌ಮೆಂಟ್ ತಪ್ಪಲ್ಲ. ಎನ್ವಿರಾನ್‌ಮೆಂಟ್ ಕೆಟ್ರ ಪೈಥಾನ್ ಹೊಯ್ಕೊಂತೈತಿ, ಎರರ್ ಕೊಡ್ತೈತಿ. ಗಪ್ಪಾಗಿ ಓಡಿ ತಪ್ಪು ಗ್ರಾಫ್ ಕೊಟ್ಟಿತು ಅಂದ್ರ ಅಲ್ಲಿ ಬ್ಯಾರೆ ಕಥಿ ಐತಿ, ಅದು ಹೆಚ್ಚು ಅಪಾಯ.

ನೀ ಸೈಪೈದಾಗ ಡಿಫರೆನ್ಶಿಯಲ್ ಈಕ್ವೇಶನ್ ಬಿಡಿಸೂ 'ಸಾಲ್ವ್ ಐವಿಪಿ' ಅನ್ನೂ ಸಾಲ್ವರ್ ಬಳಸಿರ್ತೀ, ಕ್ಲಾಸಿನ್ಯಾಗ ಎಲ್ಲಾರೂ ಅದನ್ನ ಬಳಸ್ತಾರ, ಮೆಥಡ್ ಕೊಡದಿದ್ರ ಆರ್‌ಕೆ45 ಅನ್ನೂ ರುಂಗೆ-ಕುಟ್ಟಾ ಪದ್ಧತಿ ತಗೊತೈತಿ. ಅದು ಟೈಮಿನ ಹೆಜ್ಜಿ ತಾನ ಹಿಗ್ಗಿಸಿ ಕುಗ್ಗಿಸಿ ನಡೀತೈತಿ, ತಪ್ಪು ಕಡಿಮಿ ಇದ್ದಲ್ಲಿ ದೊಡ್ಡ ಹೆಜ್ಜಿ, ಹೆಚ್ಚಿದ್ದಲ್ಲಿ ಸಣ್ಣ ಹೆಜ್ಜಿ. ನಿನ್ನ ಕಾರು ಮೊದಲ 1 ಸೆಕೆಂಡ್ ಸಪಾಟ ರೋಡಿನ ಮ್ಯಾಲ ಐತಿ ಅಂತ ಹಿಡಿ, ಕಾರು ಸುಮ್ನ ನಿಂತಾಗಿನ ಸ್ಥಾನದಿಂದ (ಸ್ಟ್ಯಾಟಿಕ್ ಈಕ್ವಿಲಿಬ್ರಿಯಂ) ಅಳದಿರ್ತೀ, ಹಂಗಾಗಿ ಶುರುವಿಗೆ ಎಲ್ಲಾ ಸೊನ್ನಿ, ಸ್ಥಾನ ಸೊನ್ನಿ, ವೇಗ ಸೊನ್ನಿ, ರೋಡ್ ಎತ್ತರ ಸೊನ್ನಿ. ಇಂಥಾ ಹೊತ್ತಿನ್ಯಾಗ ಆ ಸಾಲ್ವರ್ ಮೊದಲನೇ ಹೆಜ್ಜಿ 1 ಮೈಕ್ರೋಸೆಕೆಂಡ್ ಇಡ್ತೈತಿ. ತಪ್ಪು ಎಷ್ಟು ನೋಡ್ತೈತಿ, ಸೊನ್ನಿ. ಹಂಗಾದ್ರ ಮುಂದಿನ ಹೆಜ್ಜಿ 10 ಪಟ್ಟು, ಒಂದ್ಸಲಕ್ಕ ಅಷ್ಟಕ್ಕಿಂತ ಹೆಚ್ಚು ಹಿಗ್ಗಂಗಿಲ್ಲ. ಮತ್ತ ಸೊನ್ನಿ, ಮತ್ತ 10 ಪಟ್ಟು. ಹಿಂಗ ಆರು ಹೆಜ್ಜ್ಯಾಗ 0.111111 ಸೆಕೆಂಡಿಗೆ ಬಂದು ನಿಂತಿರ್ತೈತಿ, ಏಳನೇ ಹೆಜ್ಜಿ ಪೂರಾ 1 ಸೆಕೆಂಡ್! ಅಂದ್ರ 0.11ರಿಂದ ನೇರ 1.11ಕ್ಕ ಜಿಗಿತೈತಿ. ನಿನ್ನ ಹಂಪ್ ಎಲ್ಲಿತ್ತು? ವೇಗ ತಾಸಿಗೆ 20 ಕಿಮೀ ಅಂತ ಹಿಡದ್ರ ಸೆಕೆಂಡಿಗೆ 5.56 ಮೀಟರ್, ಅರ್ಧ ಮೀಟರ್ ದಾಟಾಕ 0.09 ಸೆಕೆಂಡ್, 1.00ಕ್ಕ ಶುರು ಆಗಿ 1.09ಕ್ಕ ಮುಗಿದು ಹೋತು. ಸಾಲ್ವರ್ ಅದರ ಮ್ಯಾಲ ಹಾರಿ ಆಚೆ ಇಳೀತು. ಆರ್‌ಕೆ45 ನಡುವ ನಾಕ್ ಕಡೆ ಇಣುಕಿ ನೋಡ್ತೈತಿ ಖರೆ, 0.31, 0.41, 0.91, ಮತ್ತ ಬರೋಬ್ಬರಿ 1.00ರ ಹೊಸ್ತಿಲ ಮ್ಯಾಲ, ಅಲ್ಲಿ ಹಂಪ್ ಎತ್ತರ ಇನ್ನೂ ಸೊನ್ನಿ. ಒಟ್ಟು 5 ಸೆಕೆಂಡ್ ಓಡಿಸಿರ್ತೀ ಅಂತ ಹಿಡದ್ರ ಎಂಟನೇ ಹೆಜ್ಜಿ ಸೀದಾ ಕೊನಿಗೆ. ಎಂಟ ಹೆಜ್ಜ್ಯಾಗ ಆಟ ಮುಗೀತು, ಹಂಪ್ ಇತ್ತು ಅನ್ನೂದ ಅದಕ್ಕ ಗೊತ್ತಿಲ್ಲ.

ನಿನ್ನ ಗೆಳೆಯಂದು ಯಾಕ ಕುಣೀತು ಅಂದ್ರ ಅವನ ಹಂಪ್ 3.7 ಮೀಟರ್. ಅದು ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೂ ಅಳತಿ, 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಮೀ ವೇಗದಾಗ ದಾಟಾಕ ಅಂತ. ಅದನ್ನ 20 ಕಿಮೀನ್ಯಾಗ ದಾಟಾಕ 0.67 ಸೆಕೆಂಡ್ ಬೇಕು, 1.11 ಅದರ ಹೊಟ್ಟ್ಯಾಗ ಬೀಳ್ತೈತಿ, ಸಾಲ್ವರ್‌ಗೆ ಎಡವಿದಂಗಾಗಿ ಎಚ್ಚರ ಆಗಿ ಹೆಜ್ಜಿ ಸಣ್ಣ ಮಾಡಿತು. ನಮ್ಮ ಓಣಿ ಹಂಪ್‌ಗಳು ಹುಡುಗೂರು ರಾತ್ರೋರಾತ್ರಿ ಸಿಮೆಂಟ್ ಕಲಸಿ ಹಾಕಿದ್ದು, ಅವು ಬೆನ್ನು ಮುರೀತಾವ, ಸಾಲ್ವರ್ ಕಣ್ಣಿಗೆ ಮಾತ್ರ ಬೀಳಂಗಿಲ್ಲ.

'ನಾ 1000 ಪಾಯಿಂಟ್ ಕೊಟ್ಟೀನಲ್ರಿ' ಅಂತೀ. ಅದು 'ಟಿ ಇವ್ಯಾಲ್', ಗ್ರಾಫಿಗೆ ಯಾವ ಯಾವ ಹೊತ್ತಿನ ಉತ್ತರ ಬೇಕು ಅಂತ ಕೇಳೂದು ಅಷ್ಟ, ಸಾಲ್ವರ್ ಆ ಹೊತ್ತಿಗೆ ಹೆಜ್ಜಿ ಇಡಂಗಿಲ್ಲ, ತನ್ನ ಎಂಟ ಹೆಜ್ಜಿ ನಡುವ ಗೆರಿ ಎಳದು ತುಂಬಿ ಕೊಡ್ತೈತಿ. ಟಿ ಇವ್ಯಾಲ್ ತೆಗೆದು ಓಡಿಸಿ ಉತ್ತರದಾಗಿನ ಟಿ ಪಟ್ಟಿ ಉದ್ದ ಪ್ರಿಂಟ್ ಮಾಡಿ ನೋಡು, ಶುರುವಿಂದು ಸೇರಿ 9 ಬರ್ತೈತಿ. ಇದನ್ನ ಒಂದ್ಸಲ ಕಣ್ಣಾರೆ ನೋಡಿದವ ಮುಂದ ಯಾವ ಸಾಫ್ಟ್‌ವೇರ್ ಕೊಟ್ಟ ಗ್ರಾಫನ್ನೂ ಕಣ್ಣುಮುಚ್ಚಿ ನಂಬಂಗಿಲ್ಲ.

ರಿಪೇರಿ ಎರಡು ಥರ. ಸಾಲ್ವ್ ಐವಿಪಿಗೆ 'ಮ್ಯಾಕ್ಸ್ ಸ್ಟೆಪ್' 0.005 ಅಂತ ಕೊಡು, ಅದಕ್ಕಿಂತ ದೊಡ್ಡ ಹೆಜ್ಜಿ ಇಡಂಗಿಲ್ಲ, 0.09 ಸೆಕೆಂಡಿನ ಹಂಪ್‌ನ್ಯಾಗ ಕಮ್ಮೀತಕಮ್ಮಿ 18 ಹೆಜ್ಜಿ ಬೀಳ್ತಾವ. ಸಬ್ಮಿಶನ್ನಿಗೆ ಇಷ್ಟು ಸಾಕು. ನಂಗ ಮನಸ್ಸಿಗೆ ಬರೂದು ಇನ್ನೊಂದು: ಮೂರು ತುಂಡು ಮಾಡೂದು, ಹಂಪಿಗಿಂತ ಮೊದಲ, ಹಂಪ್ ಮ್ಯಾಲ, ಹಂಪ್ ಆದ್ಮ್ಯಾಲ, ಒಂದರ ಕೊನೀ ಬೆಲೆ ಮುಂದಿನದಕ್ಕ ಶುರು ಬೆಲೆ. ಹಂಪ್ ಶುರುವಾಗೂ ಜಾಗಾದಾಗ ರೋಡ್ ಮುರಿದಂಗ ಇರ್ತೈತಿ, ಅಲ್ಲಿ ಹೆಜ್ಜಿ ತುದಿ ಬರೋಬ್ಬರಿ ಕುಂತ್ರ ಲೆಕ್ಕ ಸ್ವಚ್ಛ ಬರ್ತೈತಿ. ವೈವಾದಾಗ ಕೇಳಿದ್ರ ಇದನ್ನ ಹೇಳು, ಸರ್ ಖುಷಿ ಆಗ್ತಾರ.

ಉತ್ತರ ಬಂದ್ಮ್ಯಾಲ ಕೈಲೆಕ್ಕ ಮಾಡಿ ತಾಳೆ ನೋಡು. ಪುಸ್ತಕದಾಗ ಸಾಮಾನ್ಯ ಇರೂ ಅಂಕಿ ಹಿಡಿ, ಬಾಡಿ 300 ಕೆಜಿ, ಚಕ್ರದ ಕಡೆ 40 ಕೆಜಿ, ಸ್ಪ್ರಿಂಗ್ ಮೀಟರಿಗೆ 20000 ನ್ಯೂಟನ್, ಟೈರ್ 200000, ಡ್ಯಾಂಪರ್ 1500. ಸ್ಪ್ರಿಂಗು ಟೈರು ಸೀರೀಸ್‌ನ್ಯಾಗ ಹಿಡದ್ರ ಬಾಡಿ ಫ್ರೀಕ್ವೆನ್ಸಿ 1.24 ಹರ್ಟ್ಸ್, ಅಂದ್ರ ಹಂಪ್ ದಾಟಿದ್ಮ್ಯಾಲ ಗ್ರಾಫಿನ ಒಂದು ತುದಿಯಿಂದ ಮುಂದಿನ ತುದಿಗೆ 0.8 ಸೆಕೆಂಡ್ ಆಸುಪಾಸು, ಚಕ್ರದ್ದು 11.8 ಹರ್ಟ್ಸ್, ಡ್ಯಾಂಪಿಂಗ್ ರೇಶಿಯೋ 0.3, ಹಂಗಾಗಿ ಬಾಡಿ ಎರಡ್ಮೂರು ಸಲ ತೂಗಿ ನಿಲ್ಲಬೇಕು. ನಿನ್ನ ಗ್ರಾಫ್ 20 ಸಲ ಕುಣಿದ್ರ, ಇಲ್ಲಂದ್ರ ಬಾಡಿ ಮನಿ ಮಾಳಗಿಗಿಂತ ಎತ್ತರ ಹಾರಿದ್ರ, ಯುನಿಟ್ ನೋಡು, 10 ಸೆಂಟಿಮೀಟರ್ ಅನ್ನೂದನ್ನ 10 ಅಂತ ಬರದಿರ್ತೀ, 0.1 ಇರಬೇಕು. ವೇಗ ಕಿಮೀನ್ಯಾಗ ಉಳಿದಿರ್ತೈತಿ, ಅದೂ ಭಾಳ ಸಲ ಆಗ್ತೈತಿ.

ಸರ್ ಮಷೀನ್ ಮ್ಯಾಲ ಓಡೂ ಮಾತು. ಡಾಟ್‌ವೆನ್ವ್ ಫೋಲ್ಡರ್ ಜಿಪ್ ಮಾಡಿ ಕೊಡಬ್ಯಾಡ, ಅದು ಒಯ್ಯೂ ಸಾಮಾನಲ್ಲ. ಅದರ ಒಳಗ 'ಪೈವೆನ್ವ್ ಡಾಟ್ ಸಿಎಫ್‌ಜಿ' ಅಂತ ಸಣ್ಣ ಫೈಲ್ ಐತಿ, ನೋಟ್‌ಪ್ಯಾಡ್‌ನ್ಯಾಗ ತೆಗೆದು ನೋಡು, 'ಹೋಮ್' ಅಂತ ಸಾಲಿನ ಮುಂದ ನಿನ್ನ ಲ್ಯಾಪ್‌ಟಾಪಿನ ಪೈಥಾನ್ ಪಾತ್ ಪೂರಾ ಬರದಿರ್ತೈತಿ, ಸರ್ ಮಷೀನ್‌ನ್ಯಾಗ ಆ ಮನಿನ ಇರಂಗಿಲ್ಲ. ಬದಲಿಗೆ ಎನ್ವಿರಾನ್‌ಮೆಂಟ್ ಒಳಗ ಇದ್ದಾಗ 'ಪೈಥಾನ್ ಡ್ಯಾಶ್ ಎಂ ಪಿಪ್ ಫ್ರೀಝ್' ಹೊಡದು, ಗ್ರೇಟರ್ ದ್ಯಾನ್ ಗುರ್ತು ಹಾಕಿ, 'ರಿಕ್ವೈರ್‌ಮೆಂಟ್ಸ್ ಡಾಟ್ ಟಿಎಕ್ಸ್‌ಟಿ' ಫೈಲಿಗೆ ಇಳಿಸು. ಯಾವ ಲೈಬ್ರರಿ, ಯಾವ ವರ್ಷನ್, ಎಲ್ಲಾ ಅದ್ರಾಗ ಬರ್ತೈತಿ. ವರ್ಷನ್ ಯಾಕ ಅಂತ ಕೇಳಬ್ಯಾಡ, 2024ರ ಜೂನ್‌ನ್ಯಾಗ ನಂಪೈ 2.0 ಬಂದಾಗ ಹಳೇ 1.x ಮ್ಯಾಲ ಕಂಪೈಲ್ ಆದ ಎಷ್ಟೋ ಲೈಬ್ರರಿ ಒಮ್ಮೆಲೆ ಬಿದ್ದಿದ್ವು, ಹಳೇ ಪ್ರಾಜೆಕ್ಟಿನ್ಯಾಗ ವರ್ಷನ್ ಬರದಿಟ್ಟವರು ಅಷ್ಟ ಆರಾಮ ಇದ್ರು. ಸರ್ ತಮ್ಮ ಕಡೆ ಹೊಸಾ ವೆನ್ವ್ ಕಟ್ಟಿ 'ಪಿಪ್ ಇನ್‌ಸ್ಟಾಲ್ ಡ್ಯಾಶ್ ಆರ್', ಮುಂದ ಆ ಫೈಲ್ ಹೆಸರು, ಕೊಟ್ರ ನಿನ್ನ ಅಡಿಗಿಮನಿ ಅವರ ಮಷೀನ್‌ನ್ಯಾಗ ಹುಟ್ತೈತಿ. ಜಿಪ್‌ನ್ಯಾಗ ಮೂರ ಫೈಲ್ ಸಾಕು, ಕೋಡು, ಈ ಪಟ್ಟಿ, ಮತ್ತ ಪೈಥಾನ್ ಯಾವ ವರ್ಷನ್, ಹೆಂಗ ಓಡಿಸೂದು ಅಂತ ನಾಕ್ ಸಾಲಿನ ರೀಡ್‌ಮೀ. ಕೋಡ್ ಒಳಗ 'ಡಿ ಕೋಲನ್ ವೈಬ್' ಅಂತ ಎಲ್ಲಾದ್ರೂ ಪಾತ್ ಬರದಿದ್ರ ತೆಗೆದುಬಿಡು.

ಕೊಡೂಕಿಂತ ಮೊದಲ ಐತವಾರ ಸಂಜಿಕ ಒಂದ್ಸಲ ಗೆಳೆಯನ ಲ್ಯಾಪ್‌ಟಾಪ್‌ನ್ಯಾಗ ಖಾಲಿ ಫೋಲ್ಡರ್ ಮಾಡಿ ಆ ಜಿಪ್ ಬಿಚ್ಚಿ ಮೊದಲಿಂದ ಓಡಿಸಿ ನೋಡು. ಗ್ರಾಫಿನ ಗೆರಿ 1 ಸೆಕೆಂಡ್ ತನಕ ಸಪಾಟ ಇದ್ದು ಆಮ್ಯಾಲ ಏಳಬೇಕು. ಎರಡೂ ಹಂಪ್ ಒಂದ ಗ್ರಾಫಿನ್ಯಾಗ ಹಾಕು, ಸರ್ ಕೊಟ್ಟದ್ದು ಒಂದು ಬಣ್ಣ, ನಿಮ್ಮ ಓಣಿದ್ದು ಇನ್ನೊಂದು, ಜೊತಿಗೆ ಬಾಡಿಯ ಆ್ಯಕ್ಸಲರೇಶನ್ ಗ್ರಾಫೂ ಒಂದು ತೆಗಿ. ಎತ್ತರ ಎರಡರದ್ದೂ 10 ಸೆಂಟಿಮೀಟರ್ರ, ಹೊಡತ ಎಷ್ಟು ಫರಕ್ ಬೀಳ್ತೈತಿ ನೋಡಿ ನಂಗೂ ಬರದು ತಿಳಿಸು.